ಅತ್ತೆಯ ಸಾಲು

ಅತ್ತೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತಕೂಡದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರು. ಅಜ್ಜಿ ಒಪ್ಪಿಕೊಂಡವಳ ಹಾಗೆ ತಲೆಯಾಡಿಸಿದಳು. ಅಂದು ಸಂಜೆಯಿಂದಲೇ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಎತ್ತತೊಡಗಿದಳು.

"ಈ ಕಾಲರು ಅವಳ ಕೈಗೆ ಸಿಕ್ಕಿದ್ರೆ ಹೀಗಿರ್ತಿರಲಿಲ್ಲ."

"ಈ ಟೀ ಅವಳು ಮಾಡಿದ್ರೆ ಬಾಯಿಗಿಡಬಹುದಿತ್ತು."

ಅಮ್ಮ ಲೋಟವನ್ನು ಅಜ್ಜಿಯ ಕೈಯಿಂದ ಬಿಡಿಸಿಕೊಂಡು, "ಹಾಗಾದ್ರೆ ಅವಳು ಬರೋ ತನಕ ಕಾಯಿರಿ, ಟೀ ಏನು ಓಡಿಹೋಗಲ್ಲ" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅದನ್ನೇ ಬಿಸಿ ಮಾಡಿ ತಂದುಕೊಡುತ್ತಿದ್ದಳು. ಅಜ್ಜಿ ತಳ ಕಾಣುವ ತನಕ ಕುಡಿಯುತ್ತಿದ್ದಳು.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವುದು ನಮ್ಮ ಕಸುಬು. ತಾತ, ಅಜ್ಜಿ ಸೇರಿ ಶುರು ಮಾಡಿದ್ದನ್ನು ಅಪ್ಪ ನಡೆಸುತ್ತಿದ್ದಾರೆ. ಅತ್ತೆ ಅಪ್ಪನ ತಂಗಿ. ನಾನು ಹುಟ್ಟುವುದಕ್ಕೂ ಮೊದಲಿನಿಂದ ಇಸ್ತ್ರಿ ಮೇಜಿನ ಹಿಂದೆ ನಿಂತವಳು. ಹೋದ ವರ್ಷ ಅಪ್ಪ ಅಂಗಡಿಯ ಬೋರ್ಡನ್ನು ಹೊಸದಾಗಿ ಬರೆಸಿದರು. 'ತಂದೆ ಮತ್ತು ಮಗ ಲಾಂಡ್ರಿ' ಎಂದು ದಪ್ಪ ಅಕ್ಷರ. ಮಗ ಅಂದರೆ ನನ್ನಣ್ಣ. ಅವನು ಆಗ ಕಾಲೇಜಿನಲ್ಲಿದ್ದ, ಈಗ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸಕ್ಕಿದ್ದಾನೆ. ಅಂಗಡಿಗೆ ಅವನು ಕಾಲಿಡುವುದು ತನ್ನ ಅಂಗಿ ಹುಡುಕಿಕೊಳ್ಳುವುದಕ್ಕೆ.

ಅತ್ತೆ ರಸ್ತೆಗಿಳಿದು ಬೋರ್ಡನ್ನು ಓದಿದಳು. ಒಳಗೆ ಬಂದು, "ಇದರಲ್ಲಿ ನಾನೆಲ್ಲಿದೀನಿ ಅಣ್ಣ?" ಎಂದು ಕೇಳಿದಳು.

"ನಿನಗೇನು ಕಮ್ಮಿ ಮಾಡಿದೀವಿ ಈಗ? ಊಟ ಹಾಕ್ತಿಲ್ವಾ?" ಅಂದರು ಅಪ್ಪ.

ಅತ್ತೆ ಮೇಜಿನ ಮೇಲೆ ಅರ್ಧವಾಗಿದ್ದ ಅಂಗಿಯನ್ನು ಪೂರ್ತಿ ಇಸ್ತ್ರಿ ಮಾಡಿ, ಮಡಿಸಿ, ಚೀಟಿ ಸಿಕ್ಕಿಸಿ ಕಪಾಟಿನಲ್ಲಿಟ್ಟಳು. ಆಮೇಲೆ ಇಸ್ತ್ರಿಪೆಟ್ಟಿಗೆಯ ವೈರನ್ನು ಸುತ್ತಿಕೊಂಡು, ಪೆಟ್ಟಿಗೆಯನ್ನೂ ಎತ್ತಿಕೊಂಡು ಹೊರಟುಹೋದಳು. ಅದರ ಬಿಸಿ ಇನ್ನೂ ಆರಿರಲಿಲ್ಲ.

ಆ ಮೇಜಿನ ಹಿಂದೆ ಈಗ ನಾನು ನಿಲ್ಲುತ್ತೇನೆ. ಶಾಲೆ ಬಿಟ್ಟು ಬಹಳ ಕಾಲವಾಯಿತು. ಮೆಲ್ಲಗೆ ಮಾತಾಡುತ್ತೇನೆಂದು ಮನೆಯವರೂ ಗಿರಾಕಿಗಳೂ ನನ್ನನ್ನು ಮೆಲ್ಲಿ ಎಂದೇ ಕರೆಯುತ್ತಾರೆ.

ಸುದ್ದಿ ತಂದವರು ಟೀಚರಮ್ಮ. ಪಕ್ಕದ ಬೀದಿಯವರು, ವಾರಕ್ಕೊಮ್ಮೆ ಬಟ್ಟೆ ತರುತ್ತಾರೆ. ಅವತ್ತು ಗಂಟನ್ನು ಕೌಂಟರಿನ ಮೇಲಿಟ್ಟವರೇ ಫೋನು ತೆಗೆದು, "ಮೆಲ್ಲಿ, ಇಲ್ಲಿ ಕೇಳು. ಪಾಡ್‌ಕಾಸ್ಟ್ ಅಂತಾರಲ್ಲ, ಅದರಲ್ಲಿ ಒಬ್ಬಾಕೆ ವಾರವಾರವೂ ಕಲೆ ತೆಗೆಯೋದು ಹೇಳಿಕೊಡ್ತಾಳೆ. ನಿಮ್ಮಜ್ಜಿ ಮಾತೇ ಅಚ್ಚೊತ್ತಿದ ಹಾಗಿದೆ" ಅಂದರು.

ಫೋನಿನಿಂದ ದನಿ ಬಂತು. "ಟೀ ಚೆಲ್ಲಿತಾ? ಅಳಬೇಡಿ. ಕಣ್ಣೀರು ಉಪ್ಪು, ಅದು ಇನ್ನೊಂದು ಕಲೆ."

ಪರದೆಯಾಚೆ ಗುಂಡಿ ಹೊಲಿಯುತ್ತ ಕುಳಿತಿದ್ದ ಅಜ್ಜಿ ಎದ್ದು ಬಂದಳು. ಅವಳ ಕಣ್ಣಿಗೆ ಮಂಜು ಕವಿದಿದೆ, ಗೋಡೆ ಸವರಿಕೊಂಡೇ ನಡೆಯುತ್ತಾಳೆ. ಅಂದು ಗೋಡೆ ಮುಟ್ಟಲಿಲ್ಲ.

"ನನ್ನ ಮಗಳು" ಅಂದಳು.

ಅಪ್ಪ ಹಿತ್ತಲಿನಲ್ಲಿ ಒಗೆಯುವ ತೊಟ್ಟಿಗೆ ನೀರು ಬಿಡುತ್ತಿದ್ದರು. ಟೀಚರಮ್ಮ ನನ್ನ ಮುಖ ನೋಡಿ ದನಿ ತಗ್ಗಿಸಿದರು. ಅಜ್ಜಿ ಅವರ ಕೈಹಿಡಿದು ಫೋನನ್ನು ಕಿವಿಗೊತ್ತಿಕೊಂಡಳು. ಮುಗಿಯುವ ಹೊತ್ತಿಗೆ ಅತ್ತೆ, "ನಮ್ಮಮ್ಮ ಹೇಳೋಳು, ಕಲೆ ಹೊಸದಿದ್ದಾಗ ನಾಚಿಕೊಂಡು ಮುಚ್ಚಿಡಬೇಡ, ಹಳೆಯದಾದ ಮೇಲೆ ನಾಚಿ ಏನು ಬಂತು" ಅಂದಳು.

"ಸುಳ್ಳಿ! ನಾನ್ಯಾವಾಗ ಹಾಗಂದೆ?" ಎಂದಳು ಅಜ್ಜಿ. ಅವಳ ಮುಖ ಇಷ್ಟಗಲವಾಗಿತ್ತು.

ಅವತ್ತಿನಿಂದ ಅಜ್ಜಿಯದು ಒಂದೇ ಹಟ: ವಾರವಾರವೂ ಅದು ಬೇಕು. ಮೊದಲು ಅಣ್ಣನನ್ನು ಕೇಳಿದಳು. "ನನ್ನ ಫೋನಲ್ಲಿ ಬೇಡ ಅಜ್ಜಿ, ಅಪ್ಪ ನೋಡಿದ್ರೆ ಫೋನನ್ನೂ ಒಗೆಯೋ ತೊಟ್ಟಿಗೆ ಹಾಕ್ತಾರೆ" ಅಂದ. ನನ್ನ ಹತ್ತಿರ ಇರುವುದು ಬರೀ ಮಾತಾಡಲು ಬರುವ ಗುಂಡಿ ಫೋನು.

"ನೀನು ದಿನವಿಡೀ ಟಕಟಕ ಅನ್ನಿಸ್ತೀಯಲ್ಲ, ಆ ಡಬ್ಬದಲ್ಲಿ ಬರಲ್ವೇನೇ?" ಎಂದು ಕೇಳಿದಳು.

ಆ ಡಬ್ಬ ಅಂದರೆ ಅಂಗಡಿಯ ಮೂಲೆಯ ಕಂಪ್ಯೂಟರು. ಮುಚ್ಚಿಹೋದ ಒಂದು ಟ್ರಾವೆಲ್ಸ್ ಆಫೀಸಿನಿಂದ ಬಂದದ್ದು. ಚಿತ್ರಗಿತ್ರ ತೋರಿಸುವಷ್ಟು ತ್ರಾಣ ಅದಕ್ಕಿಲ್ಲವೆಂದು ವೈರ್ ಮಾಮ ಅದರಲ್ಲಿ ಬರೀ ಅಕ್ಷರದ ಪರದೆ ಹಾಕಿಕೊಟ್ಟಿದ್ದರು. ಬೀದಿಯ ಮನೆಗಳಿಗೆಲ್ಲ ಇಂಟರ್‌ನೆಟ್ ವೈರು ಎಳೆಯುವವರು ಅವರು. ಕಪ್ಪು ಪರದೆ, ಅದರ ಮೇಲೆ ಮಿಣುಕುವ ಒಂದು ಗೆರೆ. ಮೌಸ್ ಇಲ್ಲ, ಒತ್ತುವ ಚಿತ್ರಗಳಿಲ್ಲ. ಏನು ಬೇಕೋ ಅದನ್ನು ಟೈಪ್ ಮಾಡಿ ಹೇಳಬೇಕು. ಬಟ್ಟೆಯ ಚೀಟಿ ಅಚ್ಚಾಗುವುದು ಅದರಿಂದ, ಹಾಸ್ಟೆಲ್ಲಿನವರ ಆರ್ಡರು ಬರುವುದು ಅದಕ್ಕೆ, ಗಿರಾಕಿಗಳಿಗೆಂದು ದಿನವಿಡೀ ಸ್ಪೀಕರಿನಲ್ಲಿ ಹಾಡು ಬರುವುದೂ ಅದರಿಂದಲೇ. ಚೀಟಿ ಹೊಡೆಯುವವಳು ನಾನಾದ್ದರಿಂದ ಅದರ ಮುಂದೆ ಬೇರೆ ಯಾರೂ ಕೂರುವುದಿಲ್ಲ.

ನಾನು ವೈರ್ ಮಾಮನಿಗೆ ಫೋನು ಮಾಡಿದೆ.

"ಮಾಮ, ಒಂದು ಕಾರ್ಯಕ್ರಮ ವಾರವಾರವೂ ತಾನಾಗೇ ಬಂದು ಬೀಳೋ ಹಾಗೆ ಮಾಡಕ್ಕಾಗುತ್ತಾ?"

"ಯಾರಮ್ಮ? ಜೋರಾಗಿ ಹೇಳು, ಕಂಬದ ಮೇಲಿದೀನಿ."

"ಮೆಲ್ಲಿ."

"ಅದಕ್ಕೇ ಕೇಳಿಸ್ತಿಲ್ಲ. ಪಾಡ್‌ಕಾಸ್ಟ್ ಇಳಿಸ್ಕೊಳ್ಳೋ ಪ್ರೋಗ್ರಾಂ ಅದರಲ್ಲಿ ಆಗಲೇ ಇದೆ ಕಣಮ್ಮ. ಆದ್ರೆ ಅದಕ್ಕೊಂದು ಕಾನ್‌ಫಿಗ್ ಫೈಲು ಬರೆದಿಡಬೇಕು. ಪೇಟೆಗೆ ಹೋಗೋರಿಗೆ ಹೇಳಿದ ಹಾಗೆ. ಯಾವ ಅಂಗಡಿಯಿಂದ ತರಬೇಕು, ಎಷ್ಟು ತರಬೇಕು, ತಂದು ಎಲ್ಲಿಡಬೇಕು. ಒಂದು ಹೇಳದೇ ಇದ್ರೂ ಕೈಕಟ್ಟಿ ಕೂರುತ್ತೆ. ಒಂದು ತಪ್ಪಾಗಿ ಹೇಳಿದ್ರೆ ತಪ್ಪಾಗೇ ಮಾಡುತ್ತೆ. ಯಾಕೆ ಹೇಳಿದ್ರಿ ಅಂತ ಕೇಳಲ್ಲ."

ಅಪ್ಪ ಮಧ್ಯಾಹ್ನ ಹಾಸ್ಟೆಲ್ಲಿಗೆ ಬಟ್ಟೆ ಕೊಡಲು ಹೋದಾಗ ನಾನು ಆ ಫೈಲು ತೆರೆದು ಕೂತೆ. ಟೀಚರಮ್ಮ ಕಾರ್ಯಕ್ರಮದ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ನನಗೆ ಇಂಗ್ಲಿಷಿನಲ್ಲಿ ಗೊತ್ತಿರುವುದು ಅಕ್ಷರಗಳು ಮಾತ್ರ, ಅದೂ ಗಿರಾಕಿಗಳ ಹೆಸರು ಬರೆಯುವಷ್ಟು. ಆ ವಿಳಾಸವೋ ಹನುಮಂತನ ಬಾಲ. ಒಂದೊಂದೇ ಅಕ್ಷರ ಒತ್ತಿದೆ. ಪ್ರೋಗ್ರಾಮಿನ ಹೆಸರು ಹೊಡೆದು ಎಂಟರ್ ಕೊಟ್ಟರೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ನಿಂತಿತು. ಅದನ್ನು ಕೂಡಿಸಿ ಓದಲು ಒಂದು ಅಂಗಿ ಇಸ್ತ್ರಿ ಮಾಡುವಷ್ಟು ಹೊತ್ತು ಹಿಡಿಯಿತು.

"ಏನಂತೆ?" ಅಂದಳು ಅಜ್ಜಿ.

"ಅಂಥಾ ವಿಳಾಸವೇ ಇಲ್ವಂತೆ."

"ಇಲ್ದೆ ಏನು? ಅವಳು ಬಿಟ್ಟಿದ್ದು ಮನೆ, ಲೋಕ ಅಲ್ಲ. ಇನ್ನೊಂದ್ಸಲ ಕೇಳು."

ಅಂಕಿ ಒಂದರ ಜಾಗದಲ್ಲಿ ನಾನು ಅಕ್ಷರ ಒತ್ತಿದ್ದೆ. ಸರಿ ಮಾಡಿದೆ. ಎಷ್ಟು ಬೇಕು ಎಂಬಲ್ಲಿ, ಹೊಸದಾಗಿ ಬಂದದ್ದು ಒಂದು ಸಾಕು ಎಂದು ಬರೆದೆ. ಎಲ್ಲಿಡಬೇಕು ಎಂಬಲ್ಲಿ ತಡವರಿಸಿದೆ. ನನಗೆ ಗೊತ್ತಿದ್ದ ಫೋಲ್ಡರು ಒಂದೇ, ಸ್ಪೀಕರಿನಲ್ಲಿ ಬರುವ ಹಾಡುಗಳದ್ದು. ಆ ಹೆಸರನ್ನೇ ಕೊಟ್ಟೆ.

ಎಂಟರ್ ಒತ್ತಿದೆ. ಪರದೆಯ ಮೇಲೆ ಅಂಕಿಗಳು ಏರತೊಡಗಿದವು.

"ಬರ್ತಿದಾಳೆ ಅಜ್ಜಿ" ಅಂದೆ.

ಅಜ್ಜಿ ಸೂಜಿಯನ್ನು ಸೆರಗಿಗೆ ಚುಚ್ಚಿ ನೆಟ್ಟಗೆ ಕೂತಳು, ಬಾಗಿಲಲ್ಲಿ ಯಾರೋ ಬಂದು ನಿಂತ ಹಾಗೆ. ಆದರೆ ಅಷ್ಟರಲ್ಲಿ ಹೊರಗೆ ಅಪ್ಪನ ಸೈಕಲ್ಲಿನ ಸದ್ದಾಯಿತು. ನಾಳೆ ಅವರು ಹೊರಗೆ ಹೋದಾಗ ಕೇಳೋಣ ಎಂದು ಪರದೆ ಅಳಿಸಿ ಮೇಜಿಗೆ ಮರಳಿದೆ.

ಮರುದಿನ ಅಪ್ಪ ಹೊರಗೆ ಹೋಗುವ ತನಕ ಅತ್ತೆ ಕಾಯಲಿಲ್ಲ.

ಬೆಳಿಗ್ಗೆ ಅಂಗಡಿ ತುಂಬಿತ್ತು. ಬ್ಯಾಂಡ್ ಮೇಷ್ಟ್ರು ತಮ್ಮ ತಂಡದ ಬಿಳಿ ಕೋಟುಗಳನ್ನು ಎಣಿಸಿಕೊಳ್ಳುತ್ತಿದ್ದರು. ಟೀಚರಮ್ಮ ನಿಂತಿದ್ದರು. ಎದುರಿನ ಬೇಕರಿಯವನು ಮೈದಾ ಮೆತ್ತಿದ ಏಪ್ರನ್ನುಗಳ ಗಂಟು ಹೊತ್ತು ಬಂದಿದ್ದ. ಒಂದು ಹಾಡು ಮುಗಿಯಿತು. ಇನ್ನೊಂದು ಶುರುವಾಗಬೇಕಾದ ಕಡೆ ಸ್ಪೀಕರಿನಿಂದ ಅತ್ತೆಯ ದನಿ ಬಂತು.

"ಏನಮ್ಮ, ಕಾಲರು ಕಪ್ಪಾಯ್ತಾ? ಹೆದರಬೇಡಿ. ಲಾಂಡ್ರಿಗೆ ಓಡಬೇಡಿ."

ಬೇಕರಿಯವನು ಕೈಯಲ್ಲಿದ್ದ ಗಂಟನ್ನೂ ಅಪ್ಪನ ಮುಖವನ್ನೂ ನೋಡಿದ.

"ಅವರು ಬ್ರಷ್ಷಲ್ಲಿ ಉಜ್ಜಿ ಉಜ್ಜಿ ನಿಮ್ಮ ಕಾಲರನ್ನ ಜರಡಿ ಮಾಡಿಕೊಡ್ತಾರೆ. ಒದ್ದೆ ಮಾಡಿ, ಸೋಪು ಹಚ್ಚಿ, ಅರ್ಧ ಗಂಟೆ ಬಿಡಿ. ಅಷ್ಟು ಹೊತ್ತು ಹಾಯಾಗಿ ಕೂತ್ಕೊಳ್ಳಿ. ಯಾರಾದ್ರೂ ಯಾಕೆ ಕೂತಿದೀಯ ಅಂದ್ರೆ, ಕೆಲಸ ಮಾಡ್ತಿದೀನಿ ಅನ್ನಿ."

ಬ್ಯಾಂಡ್ ಮೇಷ್ಟ್ರು ಕೋಟು ಎಣಿಸುವುದನ್ನು ಮರೆತು ನಕ್ಕುಬಿಟ್ಟರು. ಟೀಚರಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಅಪ್ಪ ಕಂಪ್ಯೂಟರಿನ ಹತ್ತಿರ ಹೋಗಿ ಕಪ್ಪು ಪರದೆಯನ್ನು ನೋಡಿದರು. ಯಾವ ಕೀ ಒತ್ತಬೇಕೆಂದು ಅವರಿಗೆ ತಿಳಿಯಲಿಲ್ಲ. ಹಾಸಿಗೆ ಹೊದಿಕೆಗಳ ಒಂದು ದೊಡ್ಡ ಗಂಟನ್ನೆತ್ತಿ ಸ್ಪೀಕರಿನ ಮೇಲೆ ಹಾಕಿದರು. ಗಂಟಿನೊಳಗಿಂದಲೂ ಅತ್ತೆ ಮಾತಾಡುತ್ತಲೇ ಇದ್ದಳು. ಮನೆಯ ಕಡೆಯಿಂದ ಅಜ್ಜಿ, "ಅರ್ಧ ಗಂಟೆ ಜಾಸ್ತಿಯಾಯ್ತು ಕಣೇ!" ಎಂದು ಕೂಗಿ ತಿದ್ದಿದಳು.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಅನ್ನಕ್ಕೆ ಕೈ ಹಾಕಲಿಲ್ಲ.

"ಯಾರು ಹಾಕಿದ್ದು ಅದನ್ನ?"

"ನಾನು" ಅಂದಳು ಅಜ್ಜಿ.

"ನಿನಗೆ ತಟ್ಟೆಯಲ್ಲಿರೋ ಆಲೂಗಡ್ಡೆನೇ ಕಾಣಲ್ಲ, ಕಂಪ್ಯೂಟರು ಎಲ್ಲಿ ಕಾಣುತ್ತೆ?"

"ಕಾಣದೇನೇ ಹಾಕಿದೆ. ಆಲೂಗಡ್ಡೆ ಕಾಣದೇನೇ ತಿಂತಿಲ್ವಾ?"

"ನಾನು ಹಾಕಿದ್ದು" ಅಂದೆ. ಅಪ್ಪನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು.

ಅಪ್ಪ ನನ್ನ ಕಡೆ ತಿರುಗಿದರು. "ನೀನಾ? ತಂದು ಅಂಗಡಿ ನಡುವೆ ಕೂರಿಸಿದೀಯಲ್ಲ, ಲಾಂಡ್ರಿಗೆ ಓಡಬೇಡಿ ಅನ್ನೋಳನ್ನ! ನಮ್ಮ ಮನೆಯಲ್ಲಿ ಕಲಿತದ್ದನ್ನ ಊರಿಗೆಲ್ಲ ಬಿಟ್ಟಿ ಹಂಚ್ತಿದಾಳೆ. ನಮ್ಮ ಹೊಟ್ಟೆ ಮೇಲೆ ಹೊಡೀತಿದಾಳೆ. ಅದಕ್ಕೆ ನೀನು ಸ್ಪೀಕರ್ ಹಿಡೀತೀಯಾ?"

"ಇವತ್ತು ಯಾವ ಗಿರಾಕಿ ಬಟ್ಟೆ ವಾಪಸು ತಗೊಂಡು ಹೋದ್ರು?" ಎಂದಳು ಅಮ್ಮ, ಬೇಳೆ ಬಡಿಸುತ್ತ. "ಬೇಕರಿಯವನು ಇನ್ನೂ ಎರಡು ಏಪ್ರನ್ ತಂದುಹಾಕಿದ."

"ನೀನು ಸುಮ್ನಿರು."

"ಸುಮ್ನೇ ಇದೀನಿ. ಬಡಿಸ್ತಿದೀನಿ."

"ಸಂಜೆ ಒಳಗೆ ಅದು ಅಳಿಸಿರಬೇಕು" ಎಂದು ಅಪ್ಪ ನನಗೆ ಹೇಳಿ ಎದ್ದರು.

ಸಂಜೆ ಅಣ್ಣ ಬಂದ. ಅವನು ಜಗಳವನ್ನು ಬಾಗಿಲಲ್ಲೇ ಮೂಸಿ ನೋಡಿ ಒಳಗೆ ಬರುವವನು. ನನ್ನನ್ನು ಕಂಪ್ಯೂಟರಿನ ಹತ್ತಿರ ಕರೆದು ಪಿಸುಗುಟ್ಟಿದ. "ಅಳಿಸಬೇಡ ಕಣೇ. ಆ ವಿಳಾಸದ ಸಾಲಿನ ಮುಂದೆ ಈ ಗುರುತು ಹಾಕು, ಅಡ್ಡಗೆರೆ ಉದ್ದಗೆರೆ ಇರೋದು. ಇದನ್ನ ಹಾಕಿದ ಸಾಲನ್ನ ಪ್ರೋಗ್ರಾಂ ಓದಲ್ಲ. ಸಾಲು ಅಲ್ಲೇ ಇರುತ್ತೆ, ಆದ್ರೆ ಇಲ್ಲದ ಹಾಗೆ. ಅಪ್ಪನ ಕೋಪ ಇಳಿದ ಮೇಲೆ ತೆಗೆದ್ರಾಯ್ತು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಅವನು ತೋರಿಸಿದ ಹಾಗೆಯೇ ಹಾಕಿ, ಹಾಡುಗಳ ನಡುವೆ ಬಂದು ಕೂತಿದ್ದ ಆ ಒಂದು ಕಂತನ್ನು ತೆಗೆದುಹಾಕಿದೆ. ಅತ್ತೆಯ ಸಾಲು ಅಲ್ಲೇ ಇತ್ತು. ಪ್ರೋಗ್ರಾಂ ಓಡಿಸಿದರೆ ಏನೂ ಬರಲಿಲ್ಲ. ಅಪ್ಪನಿಗೆ, "ನಿಲ್ಲಿಸಿದೆ" ಅಂದೆ. ಅವರು ಸರಿ ಅಂದರು. ಮನೆ ತಣ್ಣಗಾಯಿತು.

ವಾರ ಕಳೆದರೂ ಕಾರ್ಯಕ್ರಮ ಬರದಿದ್ದಾಗ ಅಜ್ಜಿ ನನ್ನನ್ನು ಕೇಳಿದಳು. ನಾನು ಆ ಗುರುತಿನ ವಿಷಯ ಹೇಳಿದೆ. ಅಳಿಸಿಲ್ಲ ಅಜ್ಜಿ, ಸಾಲು ಇದ್ದೇ ಇದೆ, ಆದರೆ ಯಾರೂ ಓದುವುದಿಲ್ಲ ಅಷ್ಟೆ ಎಂದು ಸಮಾಧಾನ ಮಾಡಿದೆ.

ಅಜ್ಜಿ ಬಾಯಲ್ಲಿದ್ದ ದಾರವನ್ನು ಕಡಿದು ಉಗಿದಳು. "ಹಾಗೇ ತಾನೆ ನಿಮ್ಮಪ್ಪ ಅವಳಿಗೆ ಮಾಡಿದ್ದು ಇಷ್ಟು ವರ್ಷ? ಮೇಜಿನ ಹಿಂದೆ ಇದ್ದೇ ಇದ್ದಳು. ಬೋರ್ಡಲ್ಲಿ ಓದಕ್ಕೆ ಸಿಗಲಿಲ್ಲ. ಈಗ ನಿನ್ನ ಕೈಯಿಂದಲೂ ಅದನ್ನೇ ಮಾಡಿಸಿದ."

ನನ್ನ ಇಸ್ತ್ರಿಪೆಟ್ಟಿಗೆಯ ಕೆಳಗೆ ಹಾಸ್ಟೆಲ್ಲಿನ ದಿಂಬಿನ ಚೀಲವೊಂದಿತ್ತು. ಅದನ್ನು ಮುಗಿಸಿ ಮಡಿಸಿಟ್ಟೆ. ಕಂಪ್ಯೂಟರಿನ ಮುಂದೆ ಕೂತು ಆ ಗುರುತನ್ನು ತೆಗೆದೆ. ಹಾಡಿನದ್ದಲ್ಲದ ಬೇರೆಯದೇ ಒಂದು ಫೋಲ್ಡರು ಮಾಡುವುದು ಹೇಗೆಂದು ವೈರ್ ಮಾಮನನ್ನು ಕೇಳಿ, ಅದಕ್ಕೆ ಅತ್ತೆಯ ಹೆಸರನ್ನೇ ಇಟ್ಟೆ. ಮನೆಯಲ್ಲಿ ಎತ್ತಬಾರದ ಹೆಸರು. ಎಂಟರ್ ಒತ್ತಿದಾಗ ಅದು ಬೆಳ್ಳಗೆ ಮೂಡಿ ನಿಂತಿತು.

ಆ ಮಧ್ಯಾಹ್ನ ಅಜ್ಜಿಯೂ ನಾನೂ ಕೂತು ಕೇಳಿದೆವು. ತುಕ್ಕಿನ ಕಲೆಗೆ ನಿಂಬೆರಸ ಮತ್ತು ಉಪ್ಪು. ಅಮ್ಮ ಅಡುಗೆಮನೆಯಿಂದಲೇ, "ಸ್ವಲ್ಪ ಜೋರಾಗಿಡಿ, ಈರುಳ್ಳಿ ಚಟಪಟ ಅಂತಿದೆ" ಅಂದಳು.

ಸಂಜೆ ಊಟದ ಹೊತ್ತಿಗೆ ನಾನೇ ಬಾಯಿ ಬಿಟ್ಟೆ. "ಅಪ್ಪ, ಆ ಸಾಲನ್ನ ಮತ್ತೆ ತೆರೆದಿದೀನಿ."

ಅಣ್ಣನ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಏನಂದೆ?"

"ಅತ್ತೆ ಕಾರ್ಯಕ್ರಮ. ಅಂಗಡಿಯಲ್ಲಿ ಬರಲ್ಲ. ಮಧ್ಯಾಹ್ನ ನಾನು, ಅಜ್ಜಿ ಕೇಳ್ತೀವಿ. ನಿಮಗೆ ಗೊತ್ತಿಲ್ಲದ ಹಾಗೆ ಮಾಡೋದು ಬೇಡ ಅಂತ ಹೇಳಿದೆ."

"ನಾನು ಬೇಡ ಅಂದಿದ್ದೆ."

"ಅಂದಿದ್ರಿ."

"ನೀನೂ ನಿಮ್ಮತ್ತೆ ಹಾಗೇ ಆಗ್ತಿದೀಯ."

"ಅದೇ ಮೇಜಿನ ಹಿಂದೆ ನಿಲ್ಲಿಸಿದೀರಲ್ಲ. ಇನ್ನು ಹೇಗಾಗಬೇಕಿತ್ತು?"

ಇಷ್ಟು ಉದ್ದದ ಮಾತನ್ನು ಅಪ್ಪನ ಮುಂದೆ ನಾನು ಆಡಿದ್ದಿಲ್ಲ. ಅವರು ಕೈ ತೊಳೆದು ಅಂಗಡಿಗೆ ಹೋದರು. ಏನೋ ಕಿತ್ತ ಸದ್ದಾಯಿತು. ಇಂಟರ್‌ನೆಟ್ಟಿನ ವೈರನ್ನು ಕಂಪ್ಯೂಟರಿನಿಂದಲೂ ಗೋಡೆಯ ಡಬ್ಬಿಯಿಂದಲೂ ಕಿತ್ತು, ಸುತ್ತಿ ಜೇಬಿಗೆ ಹಾಕಿಕೊಂಡು ಬಂದು ಮತ್ತೆ ಊಟಕ್ಕೆ ಕೂತರು.

ಅಮ್ಮ ಅವರ ಜೇಬನ್ನೇ ನೋಡಿದಳು. "ವೈರು ಜೇಬಲ್ಲಿಟ್ಕೊಂಡು ಊಟ ಮಾಡೋರನ್ನ ಇವತ್ತೇ ನೋಡಿದ್ದು. ಇನ್ನಷ್ಟು ಅನ್ನ ಬೇಕಾ, ಕರೆಂಟು ಬೇಕಾ?"

ಅಣ್ಣನಿಗೆ ನೆತ್ತಿಗೇರಿತು. ನೀರು ಕುಡಿದರೂ ಅವನ ಭುಜ ಅಲ್ಲಾಡುತ್ತಲೇ ಇತ್ತು.

ಆಮೇಲಿನ ವಾರಗಳಲ್ಲಿ ಅಪ್ಪ ಎಲ್ಲಿ ಹೋದರೂ ವೈರು ಜೊತೆಗೇ ಹೋಯಿತು. ಹಾಸ್ಟೆಲ್ಲಿನ ಆರ್ಡರು ಬರುವುದು ನಿಂತಿತು. ಅಲ್ಲಿಯ ಮೇಟ್ರನ್ ಫೋನು ಮಾಡಿ ರೇಗಿದ ಮೇಲೆ ಅಪ್ಪ ದಿನಾ ಸೈಕಲ್ಲಿನಲ್ಲಿ ಹೋಗಿ ಆರ್ಡರು ಕೇಳಿಕೊಂಡು ಬರತೊಡಗಿದರು. ಮೊಣಕಾಲು ನೋವೆಂದು ಎಣ್ಣೆ ಹಚ್ಚಿಕೊಳ್ಳುತ್ತಿದ್ದರೇ ಹೊರತು ವೈರು ಕೊಡಲಿಲ್ಲ. ನಾನು ಇಸ್ತ್ರಿ ಬಿಡಲಿಲ್ಲ, ಮಾತು ಬಿಟ್ಟೆ. ಮೊದಲೇ ಕಡಿಮೆ ಮಾತಾಡುವವಳಾದ್ದರಿಂದ ಅದು ಅಪ್ಪನಿಗೆ ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು.

ಅಜ್ಜಿಯದು ಬೇರೆ ದಾರಿ. ಕಠಿಣವಾದ ಕಲೆ ಬಂದರೆ ಅಪ್ಪ ಬಟ್ಟೆಯನ್ನು ಅಜ್ಜಿಯ ಮೂಗಿಗೆ ಹಿಡಿಯುವುದು ಮೊದಲಿನಿಂದ ನಡೆದುಬಂದ ಪದ್ಧತಿ. ಅವಳು ಮೂಸಿ, ಬೆರಳಲ್ಲಿ ತಿಕ್ಕಿ, ಇದು ಇಂಥದ್ದು, ಇದಕ್ಕೆ ಇಂಥದ್ದು ಎನ್ನುತ್ತಿದ್ದಳು. ಈಗ ಅಪ್ಪ ಏನು ತಂದರೂ ಅವಳದು ಒಂದೇ ಉತ್ತರ. "ನನಗೆ ಮರೆತುಹೋಗಿದೆಯಪ್ಪ. ಎಲ್ಲಾ ನನ್ನ ಮಗಳಿಗೆ ಹೇಳಿಕೊಟ್ಟಿದೀನಿ. ಅವಳನ್ನ ಕೇಳು."

"ಅಮ್ಮ, ಅಂಗಡಿ ಹೆಸರು ಕೆಡುತ್ತೆ."

"ಯಾವ ಹೆಸರು? ಬೋರ್ಡಲ್ಲಿ ನನ್ನದೂ ಇಲ್ಲವಲ್ಲ."

ಹೀಗಿರುವಾಗ ಬ್ಯಾಂಡ್ ಮೇಷ್ಟ್ರು ಒಂದು ಕೋಟು ಹಿಡಿದು ಓಡಿಬಂದರು. ಜೇಬಿನಲ್ಲಿದ್ದ ಪೆನ್ನು ಸೋರಿ ಬಿಳಿ ಕೋಟಿನ ಎದೆಯ ಮೇಲೆ ಅಂಗೈಯಗಲ ನೀಲಿ ಹರಡಿತ್ತು. ಶನಿವಾರ ಮೆರವಣಿಗೆ, ಮುಂದೆ ನಡೆಯುವವರು ಅವರೇ. "ಇದೊಂದು ಉಳಿಸಿಕೊಡಿ. ಕೊಳಲು ಊದೋನು ಹಿಂದಿದ್ರೆ ಹೇಗೋ ಆಗುತ್ತೆ, ಕೋಲು ತಿರುಗಿಸೋನ ಎದೆಯನ್ನೇ ಎಲ್ಲರೂ ನೋಡೋದು" ಎಂದು ಕೈಮುಗಿದು ಹೋದರು.

ಅಪ್ಪ ಕೋಟನ್ನು ಅಜ್ಜಿಯ ಮುಂದೆ ಹಿಡಿದರು. ಅಜ್ಜಿ ಮುಖ ತಿರುಗಿಸಿದಳು. ಆ ಸಂಜೆ ಅಪ್ಪ ಹಿತ್ತಲಿನಲ್ಲಿ ಒಣಹಾಕಿದ ಹೊದಿಕೆಗಳ ನಡುವೆ ಬಹಳ ಹೊತ್ತು ನಿಂತಿದ್ದರು. ಊಟಕ್ಕೆ ಬನ್ನಿ ಎಂದು ಅಮ್ಮ ಕೂಗಿದಾಗ ಗಡಿಬಿಡಿಯಿಂದ ಒಳಗೆ ಬಂದರು. ಮಾರನೆಯ ದಿನ ಅಮ್ಮನಿಂದ ಹಾಲು ಕೇಳಿ ಪಡೆದು, ಪಾತ್ರೆಯಲ್ಲಿ ಬಿಸಿ ಮಾಡಿಕೊಂಡು ಅಂಗಡಿಗೆ ಹೋದರು. ನಾನು ಇಸ್ತ್ರಿ ಮಾಡುತ್ತಿದ್ದೆ. ಅಜ್ಜಿ ಗುಂಡಿ ಡಬ್ಬಿಯ ಜೊತೆ ಕೂತಿದ್ದಳು. ಅಣ್ಣ ಅಂಗಿ ಹುಡುಕುತ್ತಿದ್ದ. ಬೇಕರಿಯವನು ಏಪ್ರನ್ನುಗಳಿಗಾಗಿ ಕೌಂಟರಿನಲ್ಲಿ ಕಾಯುತ್ತಿದ್ದ.

ಅಪ್ಪ ಕೋಟಿನ ಎದೆಯನ್ನು ಬಿಸಿ ಹಾಲಿನಲ್ಲಿ ಅದ್ದಿ ಎತ್ತಿದರು. ನೀಲಿ ಹೋಗುವ ಬದಲು ಕಾಲರಿನ ಕಡೆಗೆ ಹರಿದುಕೊಂಡು ಹೊರಟಿತು.

"ನೋಡಿ ಇಲ್ಲಿ, ನೋಡಿ!" ಎಂದು ಅಪ್ಪ ಕೂಗಿದರು. "ಹಾಲು ಬೆಚ್ಚಗೆ ಮಾಡಿ ಅಂದಳು, ಮಾಡಿದೆ! ಇನ್ನೂ ಹರಡಿತು! ಊರಿಗೆಲ್ಲ ಬುದ್ಧಿ ಹೇಳ್ತಾಳೆ, ಒಂದು ಶಾಯಿ ಕಲೆ ನೆಟ್ಟಗೆ ಹೇಳಕ್ಕೆ ಬರಲ್ಲ ಇವಳಿಗೆ!"

ಅಣ್ಣ ಕಪಾಟಿನಿಂದ ತಲೆ ಹೊರಗೆ ತೆಗೆದ. ನನ್ನ ಇಸ್ತ್ರಿಪೆಟ್ಟಿಗೆಯ ಹಬೆ ಬುಸ್ ಎಂದಿತು.

"ಯಾರು ಅಂದಳು?" ಎಂದು ಕೇಳಿದಳು ಅಜ್ಜಿ.

ಅಪ್ಪ ಕೋಟನ್ನು ಬೆನ್ನ ಹಿಂದೆ ಸರಿಸಿದರು.

"ಶಾಯಿ ಕಲೆ ಬಗ್ಗೆ ನಾವು ಕೇಳಿಲ್ಲವಲ್ಲ" ಎಂದೆ ನಾನು. "ವೈರು ಕಿತ್ತ ಮೇಲೆ ಒಂದೂ ಬಂದಿಲ್ಲ."

"ಓಹೋ" ಎಂದಳು ಅಮ್ಮ, ಪರದೆ ಸರಿಸಿ. "ಹೊದಿಕೆ ನಡುವೆ ನಿಂತಿದ್ದು ಅದಕ್ಕಾ? ನಾನು ಎಲ್ಲೋ ಹೊಟ್ಟೆನೋವು ಅಂದ್ಕೊಂಡೆ."

"ಕಸುಬಿಗೆ ಬೇಕಿತ್ತು, ಫೋನಲ್ಲಿ ಕೇಳಿದೆ. ಒಂದ್ಸಲ" ಅಂದರು ಅಪ್ಪ.

"ನನ್ನ ಮಗಳು ಶಾಯಿಗೆ ಬಿಸಿ ಹಾಲು ಅನ್ನೋಳಲ್ಲ" ಎಂದಳು ಅಜ್ಜಿ. "ಪೂರ್ತಿ ಕೇಳಿದೆಯೋ, ಅರ್ಧಕ್ಕೇ ಎದ್ದು ಊಟಕ್ಕೆ ಬಂದೆಯೋ?"

ಕೋಟಿನಿಂದ ಹಾಲು ತೊಟ್ಟಿಕ್ಕುತ್ತಿತ್ತು.

ನಾನು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಅವರ ಮುಂದೆ ಹೋಗಿ ಕೈ ಚಾಚಿದೆ. "ವೈರು ಕೊಡಿ."

"ಬೇಕಾದ್ರೆ ನನ್ನ ಫೋನಲ್ಲಿ ಕೇಳ್ಕೊಳ್ಳಿ. ಆಚೆ ಹೋಗಿ."

"ಆಚೆ ಯಾಕೆ ಹೋಗಬೇಕು?" ಎಂದಳು ಅಜ್ಜಿ. "ಕದ್ದು ಕೇಳೋದು ನಿನ್ನ ಕೆಲಸ. ನಾವು ಎದುರಿಗೇ ಕೇಳ್ತೀವಿ."

ಅಪ್ಪ ಅಣ್ಣನ ಕಡೆ ನೋಡಿದರು. "ನೀನಾದ್ರೂ ಹೇಳೋ ಇವರಿಗೆ."

ಅಣ್ಣ ಸಿಕ್ಕಿದ ಅಂಗಿಯನ್ನು ಮಡಿಸುತ್ತ, ಮಡಿಸಲು ಬಾರದೆ ಉಂಡೆ ಮಾಡಿಕೊಂಡು, "ಅಪ್ಪ, ಕೋಟು ಉಳೀಬೇಕೋ ಬೇಡವೋ? ಕೊಟ್ಟುಬಿಡಿ" ಅಂದ. ಅವನು ಒಂದು ಪಕ್ಷ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ. ಅಪ್ಪ ನನ್ನ ಕೈಗೆ ಕೊಡದೆ, ವೈರನ್ನು ತೆಗೆದು ಕೌಂಟರಿನ ಮೇಲೆ ಎಸೆದರು.

ಸಿಕ್ಕಿಸಿದೆ. ಪ್ರೋಗ್ರಾಮಿನ ಹೆಸರು ಹೊಡೆದೆ. ಶಾಯಿಯದ್ದು ಬಂದು ಬಿತ್ತು. ಹಾಡು ನಿಲ್ಲಿಸಿ, ಅದನ್ನು ಅಂಗಡಿಯ ಸ್ಪೀಕರಿಗೇ ಹಾಕಿದೆ. ಬೀದಿಯ ಬಾಗಿಲು ತೆರೆದೇ ಇತ್ತು.

"ಶಾಯಿ ಚೆಲ್ಲಿತಾ? ಹಾಲು ತಗೊಳ್ಳಿ" ಎಂದಳು ಅತ್ತೆ. "ಹಾಲು ಬೆಚ್ಚಗೆ ಮಾಡಿ, ಅಂತ ಕೆಲವರು ಹೇಳ್ತಾರೆ. ಮಾಡಿದಿರೋ, ಕೆಟ್ಟಿರಿ."

ಬೇಕರಿಯವನು ಗೊಳ್ಳೆಂದ.

"ತಣ್ಣನೆ ಹಾಲು. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸೋಪಲ್ಲಿ ತೊಳೀರಿ. ಆತುರಕ್ಕೆ ಬೆಚ್ಚಗೆ ಮಾಡಿ ಹರಡಿಸಿಕೊಂಡಿದ್ರೂ ಪರವಾಗಿಲ್ಲ, ತಣ್ಣೀರು ಹಾಕಿ ಮತ್ತೆ ಮೊದಲಿಂದ ಶುರು ಮಾಡಿ. ಇದು ನನಗೆ ಹೇಗೆ ಗೊತ್ತು ಗೊತ್ತಾ? ಚಿಕ್ಕವಳಿದ್ದಾಗ ನಮ್ಮಣ್ಣ ಗಿರಾಕಿ ಬಟ್ಟೆ ಮೇಲೆ ಶಾಯಿ ಬುಡ್ಡಿ ಉರುಳಿಸಿ ಬಾಗಿಲ ಹಿಂದೆ ಬಚ್ಚಿಟ್ಟುಕೊಂಡ. ಅಮ್ಮ ಬಂದು ನನಗೆ ಬಾರಿಸಿದಳು. ತೊಳೆದವಳೂ ನಾನೇ."

"ಸುಳ್ಳು!" ಎಂದರು ಅಪ್ಪ.

ಅಜ್ಜಿ ನಿಧಾನವಾಗಿ ಅವರ ಕಡೆ ತಿರುಗಿದಳು. "ಆ ಡಾಕ್ಟರ ಹಾಸಿಗೆ ಹೊದಿಕೆ! ಅದು ನೀನಾ?"

"ಅಮ್ಮ, ಅದೆಲ್ಲಾ ಯಾವ ಕಾಲದ್ದು..."

"ನೀನೋ, ಅಲ್ಲವೋ?"

"ಬುಡ್ಡಿ ಮುಚ್ಚಳ ಸಡಿಲ ಇತ್ತು" ಅಂದರು ಅಪ್ಪ.

ಬಾಗಿಲಲ್ಲಿ ದಾರಿಹೋಕರು ನಿಂತು ಇಣುಕುತ್ತಿದ್ದರು. ಅಪ್ಪ ಕೋಟನ್ನು ತಣ್ಣೀರಿನ ಬಕೆಟ್ಟಿಗೆ ಹಾಕಿ ಕುಕ್ಕರುಗಾಲಲ್ಲಿ ಕೂತರು. ಕಿವಿ ಕೆಂಪಾಗಿತ್ತು. ಸ್ಪೀಕರಿನಲ್ಲಿ ಅತ್ತೆ, ಬಾಗಿಲ ಹಿಂದೆ ಬಚ್ಚಿಟ್ಟುಕೊಂಡ ತನ್ನಣ್ಣನ ಕಾಲು ಹೇಗೆ ಕಾಣುತ್ತಿತ್ತು ಎಂಬುದನ್ನು ವರ್ಣಿಸುತ್ತಿದ್ದಳು.

"ಸದ್ದು ಕಡಿಮೆ ಮಾಡೆ ಮೆಲ್ಲಿ" ಎಂದರು ಅಪ್ಪ, ತಲೆಯೆತ್ತದೆ. "ಬೀದಿಗೆಲ್ಲ ಕೇಳುತ್ತೆ."

"ಕೇಳಲಿ" ಅಂದೆ. ಅಷ್ಟು ಜೋರಾಗಿ ಹೇಳಿದೆನೆಂದರೆ ಬಾಗಿಲಲ್ಲಿದ್ದವರೂ ನನ್ನ ಕಡೆ ತಿರುಗಿ ನೋಡಿದರು. ನಾನು ಸ್ಪೀಕರಿನ ಗುಂಡಿಯನ್ನು ಇನ್ನಷ್ಟು ತಿರುಗಿಸಿ, ಮೇಜಿಗೆ ಮರಳಿ, ಮುಂದಿನ ಅಂಗಿಯನ್ನು ಕೈಗೆತ್ತಿಕೊಂಡೆ.